ಕಂದು ಹಾಕಿದ ಹಸು, ಬಿಡದ ಜ್ವರ: ಕೊಟ್ಟಿಗೆಯಿಂದ ಮನೆಗೆ ಬರುವ ಕಂದು ರೋಗ



ಗಬ್ಬದ ಹಸು ಏಳನೇ ತಿಂಗಳಲ್ಲಿ ಕಂದು ಹಾಕಿತು ಎಂದರೆ ನಮಗೆ ಮೊದಲು ತೋಚುವುದು ನಷ್ಟದ ಲೆಕ್ಕ. ಕರು ಹೋಯಿತು, ಈ ಸೂಲಿನ ಹಾಲು ಹೋಯಿತು, ಮತ್ತೆ ಗಬ್ಬ ನಿಲ್ಲಿಸಲು ತಿಂಗಳುಗಟ್ಟಲೆ ಕಾಯಬೇಕು, ಅಲ್ಲಿಯವರೆಗೆ ಹಿಂಡಿ ಮೇವಿನ ಖರ್ಚು ಮೈಮೇಲೆ. ಈ ಲೆಕ್ಕದ ನಡುವೆ ಒಂದು ಪ್ರಶ್ನೆ ಮರೆತುಹೋಗುತ್ತದೆ. ಆ ಸತ್ತ ಕಂದನ್ನು ಬರಿಗೈಯಲ್ಲಿ ಎತ್ತಿ ಹಾಕಿದವರು ಯಾರು? ನೆಲ ಗುಡಿಸಿದವರು ಯಾರು? ಅದೇ ಕೈಯಲ್ಲಿ ಹಾಲು ಕರೆದು, ಒಲೆ ಹಚ್ಚಿ, ಮಗುವಿಗೆ ಊಟ ಮಾಡಿಸಿದವರು ಯಾರು?

ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ: ಮನೆಯ ಹೆಣ್ಣುಮಕ್ಕಳು. ಅದಕ್ಕಾಗಿಯೇ ಈ ತಿಂಗಳ ಪಾಠವನ್ನು ಹಾಲು ಹಾಕಲು ಸಂಘಕ್ಕೆ ಬರುವವರು ಮಾತ್ರವಲ್ಲ, ಮನೆಯವರೆಲ್ಲರೂ ಕೂತು ಓದಬೇಕೆಂದು ಕೋರುತ್ತೇವೆ. ಓದಲು ಬಾರದ ಹಿರಿಯರಿದ್ದರೆ ಮಕ್ಕಳಿಂದ ಓದಿಸಿ ಕೇಳಿ.

ಕಂದು ರೋಗ ಎಂದರೇನು?

ಜಾನುವಾರುಗಳು ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುವಂತೆ ಮಾಡುವ ಒಂದು ಸಾಂಕ್ರಾಮಿಕ ರೋಗಕ್ಕೆ ನಾವು ಕಂದು ರೋಗ ಎನ್ನುತ್ತೇವೆ. ವೈದ್ಯರ ಭಾಷೆಯಲ್ಲಿ ಇದು ಬ್ರುಸೆಲ್ಲೋಸಿಸ್. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಹಸು, ಎಮ್ಮೆ, ಮೇಕೆ, ಕುರಿ, ಹಂದಿ, ನಾಯಿ ಇವೆಲ್ಲಕ್ಕೂ ಈ ರೋಗ ಬರುತ್ತದೆ. ಅವುಗಳಿಂದ ಮನುಷ್ಯರಿಗೂ ಬರುತ್ತದೆ.

ಈ ರೋಗದ ಕಥೆ ಹಾಲಿನ ಜೊತೆಗೇ ಹೆಣೆದುಕೊಂಡಿದೆ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿದ್ದ ಬ್ರಿಟಿಷ್ ಸೈನಿಕರಿಗೆ ವಾರಗಟ್ಟಲೆ ಬಿಡದ ಜ್ವರ ಬರುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಅದರ ರೋಗಾಣುವನ್ನು ಪತ್ತೆ ಮಾಡಿದರು. ಬ್ರುಸೆಲ್ಲಾ ಎಂಬ ಹೆಸರು ಬಂದದ್ದು ಅವರಿಂದಲೇ. ಆದರೆ ಅದು ಎಲ್ಲಿಂದ ಬರುತ್ತದೆ ಎಂಬುದು ತಿಳಿಯಲು ಮತ್ತೆ 18 ವರ್ಷ ಬೇಕಾಯಿತು. 1905ರಲ್ಲಿ ಅದೇ ದ್ವೀಪದ ವೈದ್ಯ ಥೆಮಿಸ್ಟೋಕ್ಲಿಸ್ ಝಮ್ಮಿಟ್ ಅವರು ನೋಡಲು ಗಟ್ಟಿಮುಟ್ಟಾಗಿದ್ದ ಮೇಕೆಗಳಲ್ಲೇ ರೋಗಾಣು ಇರುವುದನ್ನು ತೋರಿಸಿದರು. ಆ ಮೇಕೆಗಳ ಹಸಿ ಹಾಲನ್ನು ಜನ ಕುಡಿಯುತ್ತಿದ್ದರು. 1906ರಲ್ಲಿ ಸೈನಿಕರಿಗೆ ಆ ಹಾಲು ಕೊಡುವುದನ್ನು ನಿಲ್ಲಿಸಿದ ಮೇಲೆ ಅವರಲ್ಲಿ ಜ್ವರದ ಪ್ರಕರಣಗಳು ಬಹುಬೇಗ ಇಳಿದವು.

ಅತ್ತ ಡೆನ್ಮಾರ್ಕಿನಲ್ಲಿ ಬರ್ನ್‌ಹಾರ್ಡ್ ಬ್ಯಾಂಗ್ ಎಂಬ ಪಶುವೈದ್ಯರು 1897ರಲ್ಲಿ ಹಸುಗಳು ಕಂದು ಹಾಕಲು ಕಾರಣವಾದ ರೋಗಾಣುವನ್ನು ಗುರುತಿಸಿದ್ದರು. ಮನುಷ್ಯರ ಜ್ವರ ಬೇರೆ, ಹಸುವಿನ ಕಂದು ಬೇರೆ ಎಂದೇ ಎಲ್ಲರೂ ತಿಳಿದಿದ್ದರು. ಇವೆರಡೂ ಒಂದೇ ಬಳಗದ ರೋಗಾಣುಗಳು ಎಂದು 1918ರಲ್ಲಿ ತೋರಿಸಿದವರು ಅಮೆರಿಕದ ಕೃಷಿ ಇಲಾಖೆಯ ಹೈನು ವಿಭಾಗದಲ್ಲಿದ್ದ ಆಲಿಸ್ ಇವಾನ್ಸ್ ಎಂಬ ಮಹಿಳಾ ವಿಜ್ಞಾನಿ. ಮೊದಮೊದಲು ಅವರ ಮಾತನ್ನು ಹಲವರು ಒಪ್ಪಲಿಲ್ಲ. ಮುಂದೆ ಸಂಶೋಧನೆಯ ಕೆಲಸದಲ್ಲಿಯೇ ಅವರಿಗೂ ಈ ರೋಗ ತಗುಲಿತು, ವರ್ಷಗಟ್ಟಲೆ ಕಾಡಿತು. ಹಾಲನ್ನು ಕಾಯಿಸದೆ ಕುಡಿಯಬಾರದು ಎಂಬ ಮಾತಿನ ಹಿಂದೆ ಇಷ್ಟು ಜನರ ದುಡಿಮೆ ಇದೆ.

ರಾಸಿನಲ್ಲಿ ಗುರುತಿಸುವುದು ಹೇಗೆ?

ಈ ರೋಗಾಣುವಿಗೆ ಇಷ್ಟವಾದ ಜಾಗ ಗಬ್ಬದ ಗರ್ಭಕೋಶ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಹಸುವಿನ ಮಾಸಿನಲ್ಲಿ ಎರಿಥ್ರಿಟಾಲ್ ಎಂಬ ಸಕ್ಕರೆಯಂಥ ವಸ್ತು ಹೇರಳವಾಗಿರುತ್ತದೆ. ಅದನ್ನು ತಿಂದು ರೋಗಾಣು ಕೋಟಿಗಟ್ಟಲೆ ಬೆಳೆಯುತ್ತದೆ, ಮಾಸನ್ನು ಕೆಡಿಸುತ್ತದೆ, ಕರುವಿಗೆ ರಕ್ತ ಸಿಗದಂತೆ ಮಾಡುತ್ತದೆ. ಹಾಗಾಗಿಯೇ ಈ ರೋಗದಲ್ಲಿ ಗರ್ಭಪಾತ ಸಾಮಾನ್ಯವಾಗಿ 5ನೇ ತಿಂಗಳ ನಂತರ ಆಗುತ್ತದೆ. ಇತರ ಲಕ್ಷಣಗಳು ಇವು:

1. ಕಂದು ಹಾಕಿದ ಮೇಲೆ ಅಥವಾ ಈಯ್ದ ಮೇಲೆ ಮಾಸು ಬೀಳದೆ ಉಳಿಯುವುದು.
2. ದಿನ ತುಂಬಿದರೂ ನಿತ್ರಾಣವಾದ ಕರು ಹುಟ್ಟಿ, ಕೆಲವೇ ದಿನಗಳಲ್ಲಿ ಸಾಯುವುದು.
3. ಮತ್ತೆ ಮತ್ತೆ ಬೆದೆಗೆ ಬಂದರೂ ಗಬ್ಬ ನಿಲ್ಲದಿರುವುದು.
4. ಹೋರಿಯ ಬೀಜ ಊದಿಕೊಳ್ಳುವುದು.
5. ಕೆಲವು ರಾಸುಗಳಲ್ಲಿ ಮುಂಗಾಲಿನ ಮಂಡಿ ಊದಿ ನೀರು ತುಂಬಿಕೊಳ್ಳುವುದು.

ಇಲ್ಲಿ ಒಂದು ಮಾತನ್ನು ಗಮನವಿಟ್ಟು ಓದಿ. ಬಹುತೇಕ ಹಸುಗಳು ಈ ರೋಗದಿಂದ ಒಂದೇ ಸಲ ಕಂದು ಹಾಕುತ್ತವೆ. ಮುಂದಿನ ಸೂಲಿನಲ್ಲಿ ನೆಟ್ಟಗೆ ಕರು ಹಾಕಬಹುದು. ಆಗ ನಾವು "ರೋಗ ತಾನಾಗಿಯೇ ಹೋಯಿತು" ಎಂದುಕೊಳ್ಳುತ್ತೇವೆ. ಹೋಗಿರುವುದಿಲ್ಲ. ರೋಗಾಣು ಕೆಚ್ಚಲಲ್ಲಿ ಮತ್ತು ಅದರ ಸುತ್ತಲಿನ ಗ್ರಂಥಿಗಳಲ್ಲಿ ಉಳಿದು ಹಾಲಿನಲ್ಲಿ ಹೊರಬರುತ್ತಿರುತ್ತದೆ. ಮುಂದಿನ ಪ್ರತಿ ಈಯುವಿಕೆಯಲ್ಲೂ ಮಾಸಿನ ಜೊತೆ ಬರಬಹುದು. ಹಸು ಮೇವು ತಿನ್ನುತ್ತದೆ, ಮೈ ತುಂಬಿಕೊಂಡಿರುತ್ತದೆ, ಹಾಲಿನ ಬಣ್ಣ ರುಚಿ ಏನೂ ಬದಲಾಗಿರುವುದಿಲ್ಲ. ಕಣ್ಣಿಗೆ ಕಾಣುವ ಲಕ್ಷಣವನ್ನು ನಂಬಿ ಕೂತರೆ ಈ ರೋಗ ಸಿಕ್ಕುವುದಿಲ್ಲ, ರಕ್ತ ಅಥವಾ ಹಾಲಿನ ಪರೀಕ್ಷೆಯಿಂದ ಮಾತ್ರ ಸಿಗುತ್ತದೆ.

ಕಂದು ಹಾಕಿದ್ದೆಲ್ಲವೂ ಕಂದು ರೋಗವಲ್ಲ ಎಂಬುದೂ ನಿಜ. ಹೊಟ್ಟೆಗೆ ಏಟು ಬಿದ್ದರೂ, ಬೇರೆ ಸೋಂಕುಗಳಿಂದಲೂ, ವಿಷದ ಮೇವಿನಿಂದಲೂ ಗರ್ಭ ಹೋಗಬಹುದು. ಆದರೆ ಪರೀಕ್ಷೆಯ ಫಲಿತಾಂಶ ಬರುವ ತನಕ ಪ್ರತಿಯೊಂದು ಗರ್ಭಪಾತವನ್ನೂ ಕಂದು ರೋಗವೆಂದೇ ತಿಳಿದು ನಡೆಯಿರಿ. ಅತಿ ಎಚ್ಚರಿಕೆಯಿಂದ ಕಳೆದುಕೊಳ್ಳುವುದು ಒಂದು ಜೊತೆ ಕೈಗವಸು, ಒಂದಿಷ್ಟು ಸುಣ್ಣ, ಅಷ್ಟೇ.

ಮನೆಯವರಿಗೆ ಹೇಗೆ ಬರುತ್ತದೆ?

ಮೂರು ದಾರಿಗಳಿವೆ.

ಮೊದಲನೆಯದು ಕೈ. ಸತ್ತ ಕಂದು, ಮಾಸು, ಯೋನಿಯಿಂದ ಸುರಿಯುವ ದ್ರವ ಇವುಗಳಲ್ಲಿ ರೋಗಾಣು ಅತ್ಯಂತ ದಟ್ಟವಾಗಿರುತ್ತದೆ. ಕೈಯಲ್ಲಿ ಕುಡುಗೋಲಿನ ಗೀರು, ಮೇವು ಕತ್ತರಿಸುವಾಗ ಆದ ಗಾಯ, ಉಗುರಿನ ಬದಿಯ ಸುಲಿದ ಚರ್ಮ, ಒಡೆದ ಹಿಮ್ಮಡಿ ಇಷ್ಟಿದ್ದರೆ ಸಾಕು, ಅಲ್ಲಿಂದ ಒಳಹೊಕ್ಕುತ್ತದೆ. ಕಣ್ಣಿಗೆ ಸಿಡಿದರೂ ಹೊಕ್ಕುತ್ತದೆ.

ಎರಡನೆಯದು ಬಾಯಿ. ಹಸಿ ಹಾಲು, ಹಸಿ ಹಾಲಿನಿಂದ ಮಾಡಿದ ಮೊಸರು, ಬೆಣ್ಣೆ, ಪನೀರು. ತೊಳೆಯದ ಕೈಯಲ್ಲಿ ಹಾಕಿಕೊಂಡ ಎಲೆ ಅಡಿಕೆ, ಹಚ್ಚಿದ ಬೀಡಿ.

ಮೂರನೆಯದು ಉಸಿರು. ಕಂದು ಬಿದ್ದ ಜಾಗದ ಒಣಗಿದ ಹುಲ್ಲನ್ನು ಜೋರಾಗಿ ಗುಡಿಸಿದಾಗ ಏಳುವ ಧೂಳಿನಲ್ಲಿಯೂ ರೋಗಾಣು ಇರಬಹುದು. ತಂಪಾದ, ತೇವದ, ನೆರಳಿನ ಜಾಗದಲ್ಲಿ ಇದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬದುಕಿರುತ್ತದೆ. ನೇರ ಬಿಸಿಲು ಬಿದ್ದರೆ ಬೇಗ ಸಾಯುತ್ತದೆ.

ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದು ತೀರಾ ಅಪರೂಪ. ಆದ್ದರಿಂದ ರೋಗ ಬಂದವರನ್ನು ದೂರ ಇಡುವ, ತಟ್ಟೆ ಲೋಟ ಬೇರೆ ಮಾಡುವ ಅಗತ್ಯವಿಲ್ಲ. ಅವರಿಗೆ ಬೇಕಾದುದು ಔಷಧಿ ಮತ್ತು ವಿಶ್ರಾಂತಿ.

ಮನುಷ್ಯರಲ್ಲಿ ಲಕ್ಷಣಗಳು

ಸೋಂಕು ತಗುಲಿದ ಸಾಮಾನ್ಯವಾಗಿ 1ರಿಂದ 4 ವಾರಗಳಲ್ಲಿ ಲಕ್ಷಣ ಕಾಣುತ್ತದೆ. ಕೆಲವರಲ್ಲಿ ಹಲವು ತಿಂಗಳು ಹಿಡಿಯಬಹುದು. ಇದೇ ದೊಡ್ಡ ತೊಡಕು. ಸಂಕ್ರಾಂತಿಯ ಹೊತ್ತಿಗೆ ಹಸು ಕಂದು ಹಾಕಿ, ಶಿವರಾತ್ರಿ ಕಳೆದ ಮೇಲೆ ಜ್ವರ ಬಂದರೆ ಎರಡಕ್ಕೂ ಸಂಬಂಧವಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಜ್ವರ ಬಂದು ಹೋಗುತ್ತಿರುತ್ತದೆ, ಸಂಜೆಗೆ ಏರುತ್ತದೆ. ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು ಬೆವರು. ಸೊಂಟ, ಬೆನ್ನು, ಮಂಡಿಗಳಲ್ಲಿ ನೋವು. ಎದ್ದು ಕೊಟ್ಟಿಗೆಗೆ ಹೋಗಲೂ ಆಗದಷ್ಟು ಸುಸ್ತು. ಹಸಿವಿಲ್ಲ, ತೂಕ ಇಳಿಯುತ್ತದೆ, ಮನಸ್ಸಿಗೆ ಬೇಸರ. ಗಂಡಸರಲ್ಲಿ ವೃಷಣ ಊದಿ ನೋಯಬಹುದು. ಗರ್ಭಿಣಿಯರಲ್ಲಿ ಗರ್ಭಪಾತವಾಗಬಹುದು. ಚಿಕಿತ್ಸೆ ಇಲ್ಲದೆ ಉಳಿದರೆ ಬೆನ್ನುಮೂಳೆಯನ್ನು ಹಿಡಿಯಬಹುದು. ಅಪರೂಪಕ್ಕೆ ಹೃದಯದ ಕವಾಟಕ್ಕೆ ಸೋಂಕು ತಗುಲಿ ಜೀವಕ್ಕೇ ಅಪಾಯವಾಗಬಹುದು.

ಈ ಲಕ್ಷಣಗಳು ಟೈಫಾಯಿಡ್, ಮಲೇರಿಯಾ, ಕ್ಷಯಗಳಲ್ಲೂ ಇರುತ್ತವೆ. ಆದ್ದರಿಂದ ಮೊದಲು ಅವುಗಳಿಗೇ ಔಷಧಿ ನಡೆಯುವುದುಂಟು. ಸೊಂಟನೋವು ಎಂದು ಎಣ್ಣೆ ತಿಕ್ಕಿಸಿ, ನೋವಿನ ಮಾತ್ರೆ ನುಂಗಿ ತಿಂಗಳು ಕಳೆಯುವುದೂ ಉಂಟು.

ಇಲ್ಲಿ ನಿಮ್ಮ ಒಂದು ಮಾತು ಬಹಳ ಕೆಲಸ ಮಾಡುತ್ತದೆ. ವೈದ್ಯರ ಬಳಿ ಹೋದಾಗ ಹೀಗೆ ಹೇಳಿ: "ಡಾಕ್ಟ್ರೇ, ನಮ್ಮ ಮನೆಯಲ್ಲಿ ಹಸು ಸಾಕಿದ್ದೇವೆ. ಇಂಥ ತಿಂಗಳಲ್ಲಿ ಒಂದು ಹಸು ಕಂದು ಹಾಕಿತ್ತು. ನಾನೇ ಅದನ್ನು ಎತ್ತಿ ಹಾಕಿದ್ದೆ." ಹಸಿ ಹಾಲು ಕುಡಿದಿದ್ದರೆ ಅದನ್ನೂ ಹೇಳಿ. ಇಷ್ಟು ತಿಳಿದರೆ ವೈದ್ಯರು ಬ್ರುಸೆಲ್ಲಾ ರಕ್ತಪರೀಕ್ಷೆ ಮಾಡಿಸಲು ದಾರಿಯಾಗುತ್ತದೆ. ಹೇಳದಿದ್ದರೆ ಅವರಿಗೆ ಗೊತ್ತಾಗುವ ಬಗೆಯಾದರೂ ಯಾವುದು?

ಚಿಕಿತ್ಸೆ ಇದೆ, ಆದರೆ ಅರ್ಧಕ್ಕೆ ಬಿಡಬಾರದು

ಈ ರೋಗಾಣು ನಮ್ಮ ದೇಹದ ಜೀವಕೋಶಗಳ ಒಳಗೇ ಅಡಗಿ ಕೂರುತ್ತದೆ. ಒಂದು ಔಷಧಿಯಿಂದ, ಒಂದು ವಾರದಲ್ಲಿ ಅದನ್ನು ಹೊರಹಾಕಲಾಗದು. ಆದ್ದರಿಂದ ವೈದ್ಯರು ಸಾಮಾನ್ಯವಾಗಿ ಎರಡು ಬಗೆಯ ಆ್ಯಂಟಿಬಯೋಟಿಕ್‌ಗಳನ್ನು ಜೊತೆಯಾಗಿ, ಕನಿಷ್ಠ 6 ವಾರ ಕೊಡುತ್ತಾರೆ. ಬೆನ್ನುಮೂಳೆ ಅಥವಾ ಹೃದಯಕ್ಕೆ ತಗುಲಿದ್ದರೆ ಇನ್ನೂ ಹೆಚ್ಚು ಕಾಲ ಬೇಕು. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಕೊಡುವ ಔಷಧಿ ಬೇರೆ. ಒಬ್ಬರಿಗೆ ಬರೆದುಕೊಟ್ಟ ಚೀಟಿಯನ್ನು ತೋರಿಸಿ ಇನ್ನೊಬ್ಬರಿಗೆ ಮಾತ್ರೆ ತರಬೇಡಿ.

ಹತ್ತು ಹದಿನೈದು ದಿನಗಳಲ್ಲಿ ಜ್ವರ ಇಳಿದು ಮೈ ಹಗುರವಾಗುತ್ತದೆ. ಆಗಲೇ ಬಹಳ ಮಂದಿ ಮಾತ್ರೆ ನಿಲ್ಲಿಸುತ್ತಾರೆ, ರೋಗ ಮರುಕಳಿಸುತ್ತದೆ. 6 ವಾರ ಎಂದರೆ 42 ದಿನ. ಗೋಡೆಯ ಪಂಚಾಂಗದಲ್ಲಿ ಮೊದಲ ದಿನ ಮತ್ತು ಕೊನೆಯ ದಿನಕ್ಕೆ ಗುರುತು ಹಾಕಿ, ದಿನವೂ ಒಂದು ಗೆರೆ ಎಳೆಯಿರಿ. ಮನೆಯಲ್ಲಿ ಒಬ್ಬರಿಗೆ ರೋಗ ದೃಢಪಟ್ಟರೆ, ಅದೇ ಕೊಟ್ಟಿಗೆಯ ಕೆಲಸ ಮಾಡುವ, ಅದೇ ಹಾಲು ಕುಡಿಯುವ ಉಳಿದವರ ವಿಷಯವನ್ನೂ ವೈದ್ಯರಿಗೆ ತಿಳಿಸಿ. ಮನುಷ್ಯರಿಗೆ ಹಾಕಲು ಈ ರೋಗದ ಲಸಿಕೆ ಇಲ್ಲ. ತಡೆಯುವುದೊಂದೇ ದಾರಿ.

ಹಸು ಕಂದು ಹಾಕಿದ ದಿನ: ಹಂತ ಹಂತವಾಗಿ

1. ಗರ್ಭಿಣಿಯರು, ಮಕ್ಕಳು ಮತ್ತು ಕೈಯಲ್ಲಿ ಗಾಯವಿರುವವರು ಆ ಜಾಗಕ್ಕೆ ಬರಬಾರದು. ನಾಯಿಯನ್ನು ಕಟ್ಟಿಹಾಕಿ. ಮಾಸನ್ನು ನಾಯಿ ಎಳೆದೊಯ್ದರೆ ರೋಗ ಊರೆಲ್ಲ ಸುತ್ತುತ್ತದೆ.

2. ಪಶುವೈದ್ಯರಿಗೆ ತಿಳಿಸಿ. ನಿಮ್ಮ ಸಂಘದ ಮೂಲಕ ಒಕ್ಕೂಟದ ವೈದ್ಯರನ್ನು ಕರೆಯಬಹುದು, ಸರ್ಕಾರದ ಸಂಚಾರಿ ಪಶುಚಿಕಿತ್ಸಾ ವಾಹನಕ್ಕೆ 1962ಕ್ಕೆ ಕರೆ ಮಾಡಬಹುದು. ಪರೀಕ್ಷೆಗೆ ಮಾದರಿ ತೆಗೆಯುವುದು ಅವರ ಕೆಲಸ. ನೀವೇ ತುಂಡು ಕತ್ತರಿಸಿ ಡಬ್ಬಿಯಲ್ಲಿ ಹಾಕಿಕೊಂಡು ಹೋಗಬೇಡಿ.

3. ಮುಟ್ಟಲೇಬೇಕಾದಾಗ ಮೊಣಕೈ ತನಕ ಬರುವ ಕೈಗವಸು, ಬೂಟು, ಮೂಗು ಬಾಯಿಗೆ ಬಟ್ಟೆ ಅಥವಾ ಮಾಸ್ಕ್ ಹಾಕಿ. ಕೈಗವಸು ಇಲ್ಲವೆಂದಾದರೆ ತೂತಿಲ್ಲದ ದಪ್ಪ ಪ್ಲಾಸ್ಟಿಕ್ ಚೀಲವನ್ನು ಎರಡು ಪದರವಾಗಿ ಕೈಗೆ ಕಟ್ಟಿಕೊಳ್ಳಿ. ಬರಿಗೈ ಮಾತ್ರ ಬೇಡ.

4. ಬಾವಿ, ಕೊಳವೆಬಾವಿ, ಕೆರೆ, ಹಳ್ಳಗಳಿಂದ ದೂರದಲ್ಲಿ 4ರಿಂದ 6 ಅಡಿ ಆಳದ ಗುಂಡಿ ತೋಡಿ. ತಳದಲ್ಲಿ ಸುಣ್ಣ ಹಾಕಿ, ಕಂದು, ಮಾಸು ಹಾಗೂ ಒದ್ದೆಯಾದ ಹುಲ್ಲನ್ನೆಲ್ಲ ಇಟ್ಟು, ಮೇಲೆ ಮತ್ತೆ ಸುಣ್ಣ ಸುರಿದು ಮಣ್ಣು ಮುಚ್ಚಿ. ನಾಯಿ ನರಿ ಕೆದಕದಂತೆ ಮೇಲೆ ಕಲ್ಲು, ಮುಳ್ಳು ಹೇರಿ. ತಿಪ್ಪೆಗೆ, ಗೋಬರ್ ಗುಂಡಿಗೆ, ಹಳ್ಳಕ್ಕೆ ಎಸೆಯಬಾರದು.

5. ನೆಲದ ಮೇಲಿನ ಸಗಣಿ, ಹುಲ್ಲನ್ನು ಮೊದಲು ತೆಗೆಯಿರಿ. ಒಣಗಿಸಿ ಗುಡಿಸಬೇಡಿ, ಒದ್ದೆ ಇದ್ದಾಗಲೇ ಬಾಚಿ. ಆಮೇಲೆ 10 ಲೀಟರ್ ನೀರಿಗೆ ಸುಮಾರು 300 ಗ್ರಾಂ ಬ್ಲೀಚಿಂಗ್ ಪುಡಿ ಕಲಸಿ ನೆಲ, ಗೊಂತು, ಗೋಡೆಯ ಬುಡಕ್ಕೆ ಸುರಿದು ಅರ್ಧ ಗಂಟೆ ಬಿಡಿ. ನಂತರ ನೀರಿನಿಂದ ತೊಳೆದು, ಒಣಗಿದ ಮೇಲೆ ರಾಸು ಕಟ್ಟಿ. ಸಗಣಿಯ ಮೇಲೆಯೇ ಬ್ಲೀಚಿಂಗ್ ನೀರು ಸುರಿದರೆ ಅದರ ಶಕ್ತಿ ಸಗಣಿಯಲ್ಲೇ ಮುಗಿದುಹೋಗುತ್ತದೆ. ಬ್ಲೀಚಿಂಗ್ ಪುಡಿಯನ್ನು ಆ್ಯಸಿಡ್, ಫಿನೈಲ್‌ಗಳ ಜೊತೆ ಬೆರೆಸಬೇಡಿ.

6. ಕೈಗವಸು ಬಿಚ್ಚಿ ಗುಂಡಿಗೇ ಹಾಕಿ. ಮೊಣಕೈ ತನಕ ಸೋಪು ಹಚ್ಚಿ ತೊಳೆಯಿರಿ, ಸ್ನಾನ ಮಾಡಿ. ಬಟ್ಟೆಯನ್ನು ಮನೆಯ ಉಳಿದ ಬಟ್ಟೆಯ ಜೊತೆ ಹಾಕದೆ, ಕುದಿಯುವ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕಿ. ಕಣ್ಣಿಗೆ ಸಿಡಿದಿದ್ದರೆ ಹರಿಯುವ ಶುದ್ಧ ನೀರಿನಲ್ಲಿ 15 ನಿಮಿಷ ತೊಳೆದು ವೈದ್ಯರನ್ನು ಕಾಣಿ.

7. ಕಂದು ಹಾಕಿದ ರಾಸನ್ನು ಬೇರೆ ಕಟ್ಟಿ. ದ್ರವ ಸುರಿಯುವುದು ಪೂರ್ತಿ ನಿಲ್ಲುವ ತನಕ, ವೈದ್ಯರು ಹೇಳುವ ತನಕ ಗುಂಪಿಗೆ ಬಿಡಬೇಡಿ. ಅದರ ಮೇವಿನ ಬಾನಿ, ನೀರಿನ ತೊಟ್ಟಿ ಬೇರೆ ಇರಲಿ. ಉಳಿದ ರಾಸುಗಳ ಕೆಲಸ ಮುಗಿಸಿ ಕೊನೆಗೆ ಅದರ ಬಳಿ ಹೋಗಿ.

8. ದಿನಾಂಕ ಮತ್ತು ಕಿವಿಯೋಲೆಯ 12 ಅಂಕಿಗಳನ್ನು ಬರೆದಿಡಿ. ಕಂದು ಹಾಕಿದ ತಕ್ಷಣ ತೆಗೆದ ರಕ್ತದಲ್ಲಿ ರೋಗ ಕಾಣದೆ ಹೋಗಬಹುದು. ವೈದ್ಯರು ಮೂರು ನಾಲ್ಕು ವಾರ ಬಿಟ್ಟು ಮತ್ತೊಮ್ಮೆ ಪರೀಕ್ಷೆ ಮಾಡೋಣ ಎಂದರೆ ತಪ್ಪಿಸಬೇಡಿ.

ಮಾಮೂಲಿ ಈಯುವಿಕೆಯಲ್ಲೂ ಎಚ್ಚರ

ಆರೋಗ್ಯವಾಗಿ ಕಾಣುವ ಹಸುವೂ ರೋಗಾಣು ಹೊರಹಾಕಬಹುದು ಎಂದು ಮೇಲೆ ಹೇಳಿದ್ದೇವೆ. ಆದ್ದರಿಂದ ಕರು ಎಳೆಯುವಾಗ, ಕರುವಿನ ಮೂಗು ಬಾಯಿ ಒರೆಸುವಾಗ ಕೈಗವಸು ಇರಲಿ. ಕರುವಿಗೆ ಉಸಿರು ಬರಲೆಂದು ಅದರ ಮೂಗಿಗೆ ಬಾಯಿಟ್ಟು ಊದುವುದು ಬೇಡ. ಒಣ ಹುಲ್ಲಿನ ಕಡ್ಡಿಯಿಂದ ಮೂಗಿನೊಳಗೆ ಕಚಗುಳಿ ಇಟ್ಟು, ಎದೆಯನ್ನು ಹುಲ್ಲಿನಿಂದ ಚೆನ್ನಾಗಿ ತಿಕ್ಕಿ. ಮಾಸು ಬೀಳದಿದ್ದರೆ ಮನೆಯವರೇ ಕೈಹಾಕಿ ಎಳೆಯಬೇಡಿ. ಹಸುವಿನ ಗರ್ಭಕೋಶಕ್ಕೂ ಕೇಡು, ನಿಮಗೂ ಕೇಡು.

ಬಿದ್ದ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೋ ಬೇರೆ ಹಾಲು ಬರುವ ಮರಕ್ಕೋ ಕಟ್ಟುವ ರೂಢಿ ಕೆಲವು ಊರುಗಳಲ್ಲಿ ಇದೆ. ಹಸುವಿಗೆ ಹಾಲು ಹೆಚ್ಚಲಿ ಎಂಬ ಹಿರಿಯರ ಆಸೆ ಅದರಲ್ಲಿದೆ. ಆದರೆ ಮರದಿಂದ ತೊಟ್ಟಿಕ್ಕುವ ದ್ರವ ಕೆಳಗೆ ಮೇಯುವ ರಾಸುಗಳಿಗೆ, ಆಡುವ ಮಕ್ಕಳಿಗೆ ತಾಗುತ್ತದೆ. ಕಾಗೆ ನಾಯಿಗಳು ಎಳೆದು ಚೆಲ್ಲುತ್ತವೆ. ಅದೇ ಮರದ ಬುಡದಿಂದ ದೂರದಲ್ಲಿ ಆಳವಾಗಿ ಹೂತು, ಮರಕ್ಕೆ ಅರಿಶಿನ ಕುಂಕುಮ ಹಚ್ಚಿ ಕೈಮುಗಿದರೆ ನಂಬಿಕೆಯೂ ಉಳಿಯುತ್ತದೆ, ಊರೂ ಉಳಿಯುತ್ತದೆ.

ಅಡುಗೆಮನೆಯಲ್ಲಿ

ಒಕ್ಕೂಟದ ಡೇರಿಯಲ್ಲಿ ಹಾಲನ್ನು 72 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕನಿಷ್ಠ 15 ಸೆಕೆಂಡು ಇಟ್ಟು ತಕ್ಷಣ ತಣಿಸುತ್ತಾರೆ. ಇದೇ ಪಾಶ್ಚರೀಕರಣ. ಬ್ರುಸೆಲ್ಲಾ ಇದರಲ್ಲಿ ಸಾಯುತ್ತದೆ. ಪೇಟೆಯವರಿಗೆ ಸಿಗುವ ಈ ರಕ್ಷಣೆ, ಕೊಟ್ಟಿಗೆಯಿಂದ ನೇರವಾಗಿ ಅಡುಗೆಮನೆಗೆ ಹೋಗುವ ನಮ್ಮ ಪಾಲಿನ ಹಾಲಿಗೆ ಇರುವುದಿಲ್ಲ. ಅದನ್ನು ನಾವೇ ಕೊಟ್ಟುಕೊಳ್ಳಬೇಕು.

- ಹಾಲು ಉಕ್ಕಿ ಬರುವ ತನಕ ಕಾಯಿಸಿ. ಉಕ್ಕಿದ ಮೇಲೂ ಉರಿ ಸಣ್ಣ ಮಾಡಿ ಸೌಟಿನಿಂದ ತಿರುವುತ್ತಾ ಎರಡು ಮೂರು ನಿಮಿಷ ಬಿಡಿ. ಬೆಚ್ಚಗೆ ಮಾಡಿ ಇಳಿಸಿದರೆ ಸಾಲದು.
- ಕೆಚ್ಚಲಿನಿಂದ ನೇರವಾಗಿ ನೊರೆಹಾಲು ಕುಡಿಸುವುದನ್ನು ಬಿಡಿ. "ನಮ್ಮಜ್ಜ ಅದನ್ನೇ ಕುಡಿದು ಗಟ್ಟಿಯಾಗಿದ್ದ" ಎನ್ನುವುದುಂಟು. ಬಿಡದ ಜ್ವರದಿಂದ ನರಳಿದವರ ರೋಗಕ್ಕೆ ಆ ಕಾಲದಲ್ಲಿ ಹೆಸರೇ ಇರಲಿಲ್ಲ, ಅಷ್ಟೇ.
- ಹೆಪ್ಪು ಹಾಕುವುದು ಕಾಯಿಸಿ ಆರಿಸಿದ ಹಾಲಿಗೆ ಮಾತ್ರ. ಹಸಿ ಹಾಲಿನ ಕೆನೆಯಿಂದ ಬೆಣ್ಣೆ ತೆಗೆಯಬೇಡಿ. ಬೆಣ್ಣೆ ಕಾಯಿಸಿ ಮಾಡಿದ ತುಪ್ಪಕ್ಕೆ ಭಯವಿಲ್ಲ.
- ಗಿಣ್ಣುಹಾಲಿನಲ್ಲಿ ಮೊದಲ ಪಾಲು ಕರುವಿಗೆ. ಮಿಕ್ಕಿದ್ದರಲ್ಲಿ ಗಿಣ್ಣು ಮಾಡುವಾಗ ನಡುಭಾಗ ಕೂಡ ಪೂರ್ತಿ ಗಟ್ಟಿಯಾಗುವ ತನಕ ಹಬೆಯಲ್ಲಿ ಬೇಯಿಸಿ. ಕಂದು ಹಾಕಿದ ಹಸುವಿನ ಗಿಣ್ಣು ಬೇಡ.
- ಪಂಚಾಮೃತಕ್ಕೆ ಹಸಿ ಹಾಲು ಬಳಸುವ ಪದ್ಧತಿ ಇದೆ. ತೀರ್ಥವಾಗಿ ಎಲ್ಲರೂ ಸೇವಿಸುವ ಪಂಚಾಮೃತಕ್ಕೆ ಕಾಯಿಸಿ ಆರಿಸಿದ ಹಾಲನ್ನು ಬಳಸಿ.
- ಮೇಕೆ ಹಾಲು ಔಷಧಿ ಎಂದು ಮಕ್ಕಳಿಗೆ ಹಸಿಯಾಗಿ ಕುಡಿಸಬೇಡಿ. ಮೇಕೆ ಕುರಿಗಳಿಂದ ಬರುವ ಬ್ರುಸೆಲ್ಲಾ ಮನುಷ್ಯರಲ್ಲಿ ಹೆಚ್ಚು ತೀವ್ರ.
- ವರ್ತನೆ ಮನೆಗಳಿಗೆ ಹಾಲು ಕೊಡುವವರು ಅವರಿಗೂ ಕಾಯಿಸಿ ಕುಡಿಯಲು ಹೇಳಿ. ನಿಮ್ಮ ಮಾತಿಗೆ ಅವರು ಬೆಲೆ ಕೊಡುತ್ತಾರೆ.

ಹೆಣ್ಣುಕರುವಿಗೆ ಜೀವಮಾನದಲ್ಲಿ ಒಂದೇ ಲಸಿಕೆ

ಕಾಲುಬಾಯಿ ಜ್ವರ ಮತ್ತು ಕಂದು ರೋಗಗಳನ್ನು ತಡೆಯಲು ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮ 2019ರ ಸೆಪ್ಟೆಂಬರಿನಲ್ಲಿ ಆರಂಭವಾಯಿತು. ಇದರಲ್ಲಿ 4ರಿಂದ 8 ತಿಂಗಳ ವಯಸ್ಸಿನ ಹಸು, ಎಮ್ಮೆಯ ಹೆಣ್ಣುಕರುಗಳಿಗೆ ಕಂದು ರೋಗದ ಲಸಿಕೆಯನ್ನು ಉಚಿತವಾಗಿ ಹಾಕುತ್ತಾರೆ. ಜೀವಮಾನದಲ್ಲಿ ಒಂದೇ ಸಲ.

ಈ ವಯಸ್ಸಿಗೇ ಏಕೆ? ಎಸ್-19 ಎಂಬ ಈ ಲಸಿಕೆಯಲ್ಲಿ ಶಕ್ತಿ ಕುಗ್ಗಿಸಿದ ಜೀವಂತ ರೋಗಾಣು ಇರುತ್ತದೆ. ಗಬ್ಬದ ರಾಸಿಗೆ ಹಾಕಿದರೆ ಕಂದು ಬೀಳಬಹುದು. ಗಂಡುಕರುವಿಗೆ ಹಾಕಿದರೆ ಬೀಜಕ್ಕೆ ತೊಂದರೆ. ತಡವಾಗಿ ಹಾಕಿದರೆ, ಮುಂದೆ ರಕ್ತಪರೀಕ್ಷೆ ಮಾಡಿದಾಗ ರೋಗವೋ ಲಸಿಕೆಯೋ ಎಂದು ತಿಳಿಯದೆ ಗೊಂದಲವಾಗುತ್ತದೆ. ಆದ್ದರಿಂದ 4 ತಿಂಗಳಿನಿಂದ 8 ತಿಂಗಳ ಈ ಕಿಂಡಿ ಮುಚ್ಚಿತೆಂದರೆ ಅವಕಾಶ ಹೋಯಿತು. ಹೆಣ್ಣುಕರು ಹುಟ್ಟಿದ ದಿನವೇ ಪಂಚಾಂಗದಲ್ಲಿ ಅದರ 4ನೇ ತಿಂಗಳು ತುಂಬುವ ದಿನಕ್ಕೆ ಗುರುತು ಹಾಕಿ, ಸಂಘದಲ್ಲಿ ಹೆಸರು ಬರೆಸಿ.

ಲಸಿಕೆ ಹಾಕುವಾಗ ಮಕ್ಕಳು, ಗರ್ಭಿಣಿಯರು ಹತ್ತಿರ ಇರಬಾರದು. ಖಾಲಿ ಸೀಸೆ, ಸೂಜಿಗಳನ್ನು ಮಕ್ಕಳು ಆಟಕ್ಕೆ ಎತ್ತಿಕೊಳ್ಳದಂತೆ ಲಸಿಕೆದಾರರೇ ವಾಪಸು ಒಯ್ಯಲಿ. ಆಕಸ್ಮಿಕವಾಗಿ ಸೂಜಿ ಚುಚ್ಚಿದರೆ, ಲಸಿಕೆ ಕಣ್ಣಿಗೆ ಸಿಡಿದರೆ ಆ ದಿನವೇ ವೈದ್ಯರನ್ನು ಕಾಣಬೇಕು.

ನೀವು ಕೇಳುವ ಪ್ರಶ್ನೆಗಳು

*ರೋಗ ಬಂದ ಹಸುವಿಗೆ ಔಷಧಿ ಕೊಡಿಸಬಹುದೇ?*
ರಾಸುಗಳಲ್ಲಿ ಈ ರೋಗವನ್ನು ಪೂರ್ತಿ ಗುಣಪಡಿಸುವ ನಂಬಿಕೆಯ ಚಿಕಿತ್ಸೆ ಇಲ್ಲ. ಚುಚ್ಚುಮದ್ದಿಗೆ ಹಣ ಸುರಿಯುವ ಮೊದಲು ವೈದ್ಯರ ಜೊತೆ ಮಾತಾಡಿ.

*ಹಾಗಾದರೆ ಸಂತೆಗೆ ಹೊಡೆದು ಮಾರಿಬಿಡಲೇ?*
ಮನಸ್ಸಿಗೆ ಬರುವ ಮೊದಲ ಯೋಚನೆ ಇದೇ, ನಮಗೆ ಗೊತ್ತು. ಸಾಲ ಮಾಡಿ ತಂದ ಹಸುವಾದರೆ ಇನ್ನೂ ಕಷ್ಟ. ಆದರೆ ಸಂತೆಯಲ್ಲಿ ಅದನ್ನು ಕೊಳ್ಳುವವರೂ ನಿಮ್ಮಂತೆಯೇ ಇನ್ನೊಬ್ಬ ಹೈನುಗಾರರು. ಅವರ ಮನೆಯಲ್ಲೂ ಬಸುರಿ ಸೊಸೆ, ಶಾಲೆಗೆ ಹೋಗುವ ಮಕ್ಕಳು ಇರುತ್ತಾರೆ. ಅಲ್ಲಿಂದ ಹರಡಿದ ರೋಗ ಅದೇ ಸಂತೆಯ ಇನ್ನೊಂದು ಕಡಸಿನ ರೂಪದಲ್ಲಿ ನಿಮ್ಮ ಕೊಟ್ಟಿಗೆಗೇ ವಾಪಸಾಗಬಹುದು. ಹಸುವನ್ನು ಬೇರೆ ಕಟ್ಟಿ ಸಾಕುವುದು ಹೇಗೆ, ಮುಂದೆ ಅದನ್ನು ಗಬ್ಬ ಕಟ್ಟಿಸಬೇಕೋ ಬೇಡವೋ ಎಂಬುದನ್ನು ವೈದ್ಯರ ಜೊತೆ ಕೂತು ತೀರ್ಮಾನಿಸಿ.

*ಅದರ ಹಾಲನ್ನು ಏನು ಮಾಡಬೇಕು?*
ಕುದಿಸಿದರೆ ರೋಗಾಣು ಸಾಯುತ್ತದೆ. ಆದರೂ ರೋಗ ದೃಢಪಟ್ಟ ರಾಸಿನ ವಿಷಯವನ್ನು ಮುಚ್ಚಿಡಬೇಡಿ. ವೈದ್ಯರಿಗೂ ಸಂಘದ ಕಾರ್ಯದರ್ಶಿಗೂ ತಿಳಿಸಿ, ಅವರು ಹೇಳಿದಂತೆ ನಡೆಯಿರಿ. ಕರೆಯುವಾಗ ಅದನ್ನು ಕೊನೆಗೆ ಕರೆಯಿರಿ, ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆಯಿರಿ.

*ಸಂಘದ ಹಾಲಿನಿಂದಲೇ ರೋಗ ಪತ್ತೆ ಮಾಡಬಹುದೇ?*
ಮಾಡಬಹುದು. ಹಾಲಿನ ಉಂಗುರ ಪರೀಕ್ಷೆ ಎಂಬುದೊಂದಿದೆ. ಹಲವು ರಾಸುಗಳ ಮಿಶ್ರ ಹಾಲಿಗೆ ಬಣ್ಣದ ದ್ರಾವಣದ ಹನಿ ಹಾಕಿ ಇಟ್ಟಾಗ, ರೋಗದ ಸುಳಿವಿದ್ದರೆ ಮೇಲಿನ ಕೆನೆಯಲ್ಲಿ ಬಣ್ಣದ ಉಂಗುರ ಮೂಡುತ್ತದೆ. ಉಂಗುರ ಮೂಡಿದರೆ ಯಾವ ರಾಸು ಎಂಬುದನ್ನು ಆಮೇಲೆ ಒಂದೊಂದಾಗಿ ರಕ್ತಪರೀಕ್ಷೆಯಿಂದ ತಿಳಿಯಬೇಕು. ನಿಮ್ಮ ಸಂಘದಲ್ಲಿ ಗರ್ಭಪಾತಗಳು ಹೆಚ್ಚಿದ್ದರೆ ಆಡಳಿತ ಮಂಡಳಿಯ ಮೂಲಕ ಕೇಳಿಕೊಳ್ಳಿ.

*ಹೊಸ ಹಸು ತರುವಾಗ ಏನು ನೋಡಬೇಕು?*
ಕಿವಿಯೋಲೆಯ ಸಂಖ್ಯೆ ಕೇಳಿ ಲಸಿಕೆಯ ದಾಖಲೆ ನೋಡಿ. ವ್ಯಾಪಾರ ಕುದುರುವ ಮೊದಲೇ ರಕ್ತಪರೀಕ್ಷೆ ಮಾಡಿಸಿ. ತಂದ ಮೇಲೆ 30 ದಿನ ಬೇರೆ ಕಟ್ಟಿ, ಮತ್ತೊಮ್ಮೆ ಪರೀಕ್ಷಿಸಿ ಗುಂಪಿಗೆ ಸೇರಿಸಿ. ಊರ ಹೋರಿಗೆ ಬಿಡುವ ಬದಲು, ಪರೀಕ್ಷಿಸಿದ ಹೋರಿಗಳ ವೀರ್ಯದಿಂದ ಕೃತಕ ಗರ್ಭಧಾರಣೆ ಮಾಡಿಸಿ.

ಸಂಘದ ಗೋಡೆಗೆ ಅಂಟಿಸಲು

1. ಕಂದು, ಮಾಸು ಬರಿಗೈಯಲ್ಲಿ ಮುಟ್ಟಬೇಡಿ.
2. ಗರ್ಭಿಣಿಯರನ್ನು ಈಯುವ ಕೊಟ್ಟಿಗೆಯಿಂದ ದೂರ ಇಡಿ.
3. ಸುಣ್ಣ ಹಾಕಿ ಆಳವಾಗಿ ಹೂಳಿ.
4. ಹಾಲು ಉಕ್ಕಿಸಿ ಕುಡಿಯಿರಿ.
5. 4ರಿಂದ 8 ತಿಂಗಳ ಹೆಣ್ಣುಕರುವಿಗೆ ಲಸಿಕೆ ಹಾಕಿಸಿ.
6. ಬಿಡದ ಜ್ವರ ಬಂದರೆ "ಮನೆಯಲ್ಲಿ ಹಸು ಇದೆ" ಎಂದು ವೈದ್ಯರಿಗೆ ಹೇಳಿ.

ಮುಂದಿನ ಸಭೆಗೆ ಬರುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡು ಬನ್ನಿ. ನಮ್ಮ ಮನೆಯಲ್ಲಿ ಕೈಗವಸು ಎಲ್ಲಿದೆ? ನಮ್ಮ ಹೆಣ್ಣುಕರುವಿಗೆ ಈಗ ಎಷ್ಟು ತಿಂಗಳು? ಕಳೆದ ಎರಡು ವರ್ಷಗಳಲ್ಲಿ ನಮ್ಮ ಊರಿನಲ್ಲಿ ಎಷ್ಟು ರಾಸುಗಳು ಕಂದು ಹಾಕಿವೆ? ಮೂರನೆಯದನ್ನು ಎಲ್ಲರೂ ಒಟ್ಟಿಗೆ ಕೂತು ಲೆಕ್ಕ ಹಾಕಿ, ಕಾರ್ಯದರ್ಶಿಯವರು ಅದನ್ನು ಬರೆದು ಒಕ್ಕೂಟದ ಪಶುವೈದ್ಯರಿಗೆ ಕೊಡಲಿ. ಪರೀಕ್ಷೆಗೆ ಎಲ್ಲಿಂದ ಶುರು ಮಾಡಬೇಕೆಂಬುದು ಆ ಒಂದು ಹಾಳೆಯಿಂದ ತಿಳಿಯುತ್ತದೆ.